ಕಚೇರಿ ಹಾಸ್ಯಕ್ಕೆ ರ‍್ಯಾಪ್ ಹಾಡು: 'ಆಫೀಸ್ ಸ್ಪೇಸ್' ಚಿತ್ರದಲ್ಲಿ ಅದು ಇಷ್ಟು ಚೆನ್ನಾಗಿ ಒಪ್ಪಿದ್ದು ಹೇಗೆ?

ಸಂಕಲನದ ಮೇಜು:

ನಮಸ್ಕಾರ. ಗೆಳೆಯರೆಲ್ಲ ಸೇರಿ ಒಂದು ಕಿರುಚಿತ್ರ ಮಾಡುತ್ತಿದ್ದೇವೆ. ಚಿತ್ರೀಕರಣ ಮುಗಿದಿದೆ, ಸಂಕಲನ ನನ್ನ ಪಾಲಿಗೆ ಬಂದಿದೆ. ಕಥೆ ಇಷ್ಟೇ: ಒಂದು ಕಚೇರಿಗೆ ಮುಖ ನೋಡಿ ಹಾಜರಿ ಹಾಕಿಕೊಳ್ಳುವ ಯಂತ್ರ ಬರುತ್ತದೆ. ಅದು ಎಲ್ಲರನ್ನೂ ಗುರುತಿಸುತ್ತದೆ, ಲೆಕ್ಕಪತ್ರ ವಿಭಾಗದ ಒಬ್ಬ ಹಿರಿಯ ಗುಮಾಸ್ತರನ್ನು ಮಾತ್ರ ಗುರುತಿಸುವುದಿಲ್ಲ. ಕಂಪ್ಯೂಟರಿನ ಪ್ರಕಾರ ಅವರು ಕಚೇರಿಗೆ ಬಂದೇ ಇಲ್ಲ. ಬಾರದವರಿಗೆ ಕೆಲಸ ಹಚ್ಚುವುದು ಹೇಗೆ? ಮೊದಮೊದಲು ಕಂಗಾಲಾದ ಮನುಷ್ಯ ಆಮೇಲೆ ಯಾರ ಅಂಕೆಯೂ ಇಲ್ಲದವರ ಹಾಗೆ ಓಡಾಡತೊಡಗುತ್ತಾರೆ.

ಅವರು ವ್ಯವಸ್ಥಾಪಕರ ಕೋಣೆಗೆ ಹೋಗಿ, ಆ ದೊಡ್ಡ ಮೇಜಿನ ಮೇಲೆ ಡಬ್ಬಿ ಬಿಚ್ಚಿ, ನಿಧಾನವಾಗಿ ಚಿತ್ರಾನ್ನ ತಿನ್ನುವ ದೃಶ್ಯವೊಂದಿದೆ. ಅದರ ಮೇಲೆ ತಾತ್ಕಾಲಿಕವಾಗಿ, 'ಆಫೀಸ್ ಸ್ಪೇಸ್' (1999) ಎಂಬ ಅಮೆರಿಕದ ಕಚೇರಿ ಹಾಸ್ಯಚಿತ್ರದಲ್ಲಿ ಬರುವ, ಗೆಟೊ ಬಾಯ್ಸ್ ಎಂಬ ರ‍್ಯಾಪ್ ತಂಡದ 'ಡ್ಯಾಮ್ ಇಟ್ ಫೀಲ್ಸ್ ಗುಡ್ ಟು ಬಿ ಎ ಗ್ಯಾಂಗ್‌ಸ್ಟಾ' ಹಾಡನ್ನು ಹಾಕಿ ತೋರಿಸಿದೆ. ಎಲ್ಲರೂ ನಕ್ಕರು, ನಿರ್ದೇಶಕರೊಬ್ಬರನ್ನು ಬಿಟ್ಟು. "ಸಾಧು ಮನುಷ್ಯನ ತಲೆಯ ಮೇಲೆ ರೌಡಿ ಹಾಡು ಹಾಕಿದರೆ ಯಾರು ಬೇಕಾದರೂ ಒಮ್ಮೆ ನಗುತ್ತಾರೆ. ಎರಡನೇ ಸಲ ನೋಡುವಾಗ ಆ ನಗು ಇರುವುದಿಲ್ಲ" ಎನ್ನುತ್ತಾರೆ ಅವರು. ಅವರಿಗೆ ಬೇಕಿರುವುದು ನಮ್ಮ ಹಾಸ್ಯ ಧಾರಾವಾಹಿಗಳಲ್ಲಿ ಕೇಳಿಬರುವ ಮಾಮೂಲು ಸಂಗೀತ: ಪಿಟೀಲಿನ ತಂತಿಗಳನ್ನು ಬೆರಳಿನಲ್ಲಿ ಮೀಟುವುದು, ನಡುನಡುವೆ ದಪ್ಪ ದನಿಯ ಕೊಂಬಿನ ಡೊಂಯ್ ಡೊಂಯ್.

ನನ್ನ ಪ್ರಶ್ನೆ: 'ಆಫೀಸ್ ಸ್ಪೇಸ್' ಚಿತ್ರವನ್ನು ಎಷ್ಟು ಸಲ ನೋಡಿದರೂ ಆ ಹಾಡು ಬಂದಾಗ ನನಗೆ ಖುಷಿಯಾಗುತ್ತದೆ. ಅಲ್ಲಿರುವುದು ಬರೀ ವೈರುಧ್ಯದ ಹಾಸ್ಯವೇ? ಹಾಗಿದ್ದರೆ ಅದೇಕೆ ಸವೆದಿಲ್ಲ?

ಖಾಲಿ ಕುರ್ಚಿ:

ಅತಿಯಾಗಿ ಯೋಚಿಸುತ್ತಿದ್ದೀರಿ. ಟೈ ಕಟ್ಟಿದ ಗುಮಾಸ್ತ, ಹಿಂದೆ ಬಂದೂಕಿನ ಹಾಡು, ಮುಗಿಯಿತು. 1999ರಲ್ಲಿ ಅದು ಹೊಸದಾಗಿತ್ತು. ಆಮೇಲೆ ಜಾಹೀರಾತಿನವರೆಲ್ಲ ಅದನ್ನೇ ಮಾಡಿದರು, ಅಜ್ಜಿ ಸ್ಕೂಟರ್ ಓಡಿಸಿದರೂ ರ‍್ಯಾಪ್, ಮಗು ಹಾಲು ಕುಡಿದರೂ ರ‍್ಯಾಪ್. ಅಂದಹಾಗೆ, ಹೊಸದಾಗಿದ್ದಾಗಲೂ ಜನ ಮುಗಿಬಿದ್ದಿರಲಿಲ್ಲ. ಸುಮಾರು ಒಂದು ಕೋಟಿ ಡಾಲರ್ ಖರ್ಚಿನ ಚಿತ್ರ ಚಿತ್ರಮಂದಿರಗಳಲ್ಲಿ ಹಾಕಿದ ಹಣದ ಆಸುಪಾಸಿನಷ್ಟೇ ಗಳಿಸಿ ಕೆಳಗಿಳಿಯಿತು. ಡಿವಿಡಿ ಮತ್ತು ಟಿವಿ ಅದನ್ನು ಬದುಕಿಸಿದವು. ನಿಮ್ಮ ನಿರ್ದೇಶಕರ ಮಾತು ಕೇಳಿ.

ಕೋಬಾಲ್ ಕಾಲದವಳು:

ಖಾಲಿ ಕುರ್ಚಿಯವರ ಲೆಕ್ಕ ಸರಿ, ತೀರ್ಪು ಸರಿಯಿಲ್ಲ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಈ ಚಿತ್ರದ ಮೇಲೆ ನನಗೆ ಹಕ್ಕಿದೆ ಎಂದು ಭಾವಿಸಿದವಳು ನಾನು. ಕಥಾನಾಯಕ ಪೀಟರ್ ಮಾಡುವ ಕೆಲಸ ನೆನಪಿದೆಯೇ? ಬ್ಯಾಂಕುಗಳ ತಂತ್ರಾಂಶದಲ್ಲಿ ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿದ್ದಾರೆ, 2000ನೇ ಇಸವಿ ಬಂದರೆ ಅದು ಕಕ್ಕಾಬಿಕ್ಕಿಯಾಗುತ್ತದೆ, ಅದಕ್ಕೇ ಸಾಲು ಸಾಲಾಗಿ ತಿದ್ದುತ್ತಾ ಕೂರುತ್ತಾನೆ. ಬೆಂಗಳೂರಿನ ಎಷ್ಟೋ ಕಂಪನಿಗಳು ಬೆಳೆದದ್ದು ಇದೇ ಕೆಲಸದಿಂದ. ನಾನೂ ಅದನ್ನೇ ಮಾಡಿದೆ, ಮೊದಲು ಬೆಂಗಳೂರಿನಲ್ಲಿ, ಆಮೇಲೆ ಕಂಪನಿಯವರು ಕಳಿಸಿದ್ದರಿಂದ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ. ಗೆಟೊ ಬಾಯ್ಸ್ ಆ ಊರಿನವರು. ಫಿಫ್ತ್ ವಾರ್ಡ್ ಎಂಬ ಬಡ ಕಪ್ಪು ಜನರ ಬಡಾವಣೆಯ ಹೆಸರನ್ನು ಅಮೆರಿಕದ ರ‍್ಯಾಪ್ ನಕ್ಷೆಯಲ್ಲಿ ಬರೆದವರು ಇವರೇ. ಇವರನ್ನು ಹೊರತಂದ ರ‍್ಯಾಪ್-ಎ-ಲಾಟ್ ಸಂಸ್ಥೆಯೂ ಅಲ್ಲಿಯದೇ. ಚಿತ್ರ ತೆಗೆದದ್ದು ಅದೇ ರಾಜ್ಯದ ಆಸ್ಟಿನ್‌ನಲ್ಲಿ. ನಿರ್ದೇಶಕ ಮೈಕ್ ಜಡ್ಜ್ ಭೌತಶಾಸ್ತ್ರ ಓದಿ, ಎಂಜಿನಿಯರ್ ಕೆಲಸಕ್ಕೆ ಸೇರಿ, ಬೇಸತ್ತು ಬಿಟ್ಟು, ಟೆಕ್ಸಾಸ್‌ನಲ್ಲಿ ಬ್ಲೂಸ್ ತಂಡಗಳಿಗೆ ಬೇಸ್ ಗಿಟಾರ್ ನುಡಿಸಿಕೊಂಡಿದ್ದ ಮನುಷ್ಯ. ಅಂದರೆ ಎಲ್ಲೋ ದೂರದ ನ್ಯೂಯಾರ್ಕಿನಿಂದ ತಂದು ಅಂಟಿಸಿದ ಸಂಗೀತವಲ್ಲ ಇದು. ಆ ಹೆದ್ದಾರಿಯಲ್ಲಿ ಸಿಕ್ಕಿಕೊಂಡ ಕಾರುಗಳಲ್ಲಿ ಕೇಳಿಸುತ್ತಿದ್ದ ಸಂಗೀತ. ನನ್ನನ್ನು ಕೆಲಸಕ್ಕೆ ಕರೆದೊಯ್ಯುತ್ತಿದ್ದ ಸಹೋದ್ಯೋಗಿಯ ಕಾರಿನಲ್ಲೂ ಅದೇ ಇತ್ತು. ಆಕೆಗೆ ಆ ಹಾಡುಗಳಿಲ್ಲದೆ ಬೆಳಗಿನ ವಾಹನದಟ್ಟಣೆ ದಾಟುತ್ತಿರಲಿಲ್ಲ, ನನಗೆ ಅದರಲ್ಲಿನ ಬೈಗುಳ ಕೇಳಿ ಕಿವಿ ಬಿಸಿಯಾಗುತ್ತಿತ್ತು.

ಈಗ ಚಿತ್ರಕ್ಕೆ ಬನ್ನಿ. ರ‍್ಯಾಪ್ ಅಲ್ಲಿ ಮೊದಲು ಬರುವುದು ಎಲ್ಲಿಂದ? ಹಿನ್ನೆಲೆಯಿಂದಲ್ಲ, ಒಂದು ಕಾರಿನ ಒಳಗಿನಿಂದ. ಮೈಕೆಲ್ ಬೋಲ್ಟನ್ ಎಂಬ (ಅದೇ ಹೆಸರಿನ ಪ್ರಸಿದ್ಧ ಪಾಪ್ ಗಾಯಕನೊಬ್ಬನಿದ್ದಾನೆ) ನತದೃಷ್ಟ ಹೆಸರಿನ ಬಿಳಿಯ ಪ್ರೋಗ್ರಾಮರ್ ಕಾರಿನಲ್ಲಿ ಒಬ್ಬನೇ ಕೂತು, ಗೆಟೊ ಬಾಯ್ಸ್ ತಂಡದವನೇ ಆದ ಸ್ಕಾರ್‌ಫೇಸ್‌ನ 'ನೋ ಟಿಯರ್ಸ್' ಹಾಡಿಗೆ ಗಂಟಲು ಹರಿಯುವಂತೆ ದನಿಗೂಡಿಸುತ್ತಿರುತ್ತಾನೆ. ಹೂ ಮಾರುವ ಕಪ್ಪು ಮನುಷ್ಯನೊಬ್ಬ ಕಾರುಗಳ ನಡುವೆ ನಡೆದು ಬರುತ್ತಾನೆ. ಮೈಕೆಲ್ ದನಿ ಇಳಿಸುತ್ತಾನೆ, ಮೆಲ್ಲಗೆ ಬಾಗಿಲಿನ ಚಿಲಕ ಹಾಕುತ್ತಾನೆ. ಆತ ದಾಟಿ ಹೋದ ಮೇಲೆ ಮತ್ತೆ ಜೋರು. ಒಂದು ಮಾತಿಲ್ಲದೆ ಈ ಹಾಡುಗಳ ಜೊತೆ ಈ ಕಚೇರಿಯ ಜನರ ಸಂಬಂಧ ಎಂಥದು ಎಂದು ಹೇಳಿ ಮುಗಿಸಿದ್ದಾರೆ: ಧೈರ್ಯವನ್ನು ಬಾಡಿಗೆಗೆ ತಂದಿದ್ದಾರೆ, ಅದರ ಒಡೆಯರು ಎದುರಿಗೆ ಬಂದರೆ ಹೆದರುತ್ತಾರೆ. ನಗು ಇಲ್ಲಿ ಹಾಡಿನ ಮೇಲಲ್ಲ, ಮೈಕೆಲ್ ಮೇಲೆ. ನಿಮ್ಮ ನಿರ್ದೇಶಕರು ಹೇಳುವ ಅಗ್ಗದ ನಗುವಿನಲ್ಲಿ ಈ ಮೊದಲ ಮೆಟ್ಟಿಲು ಇರುವುದಿಲ್ಲ. ಯಾರೂ ಕೇಳದ, ಯಾರಿಗೂ ಸೇರದ ಹಾಡು ಆಕಾಶದಿಂದ ಬಂದು ಬೀಳುತ್ತದೆ.

ಎರಡನೆಯದು ನಿಮ್ಮ ಹಾಡು. ಸಂಮೋಹನ (ಹಿಪ್ನಾಟಿಸಂ) ಚಿಕಿತ್ಸೆಯ ನಡುವೆಯೇ ವೈದ್ಯ ಸತ್ತು, ಪೀಟರ್ ಅರೆ ನೆಮ್ಮದಿಯ ಸ್ಥಿತಿಯಲ್ಲೇ ಉಳಿದುಬಿಟ್ಟಿರುತ್ತಾನೆ. ಕಚೇರಿಗೆ ಬಂದು ಕೈಗೆ ತಗಲುತ್ತಿದ್ದ ಬಾಗಿಲಿನ ಹಿಡಿಯನ್ನು ಬಿಚ್ಚಿ ಎಸೆಯುತ್ತಾನೆ, ಕಿಟಕಿಗೆ ಅಡ್ಡವಾಗಿದ್ದ ಗೋಡೆಯ ಹಲಗೆಯನ್ನು ಉರುಳಿಸುತ್ತಾನೆ, ಮೇಜಿನ ಮೇಲೆ ಮೀನು ಸೀಳಿ ಶುಚಿಮಾಡುತ್ತಾನೆ. ಇಲ್ಲಿ ಯಾವ ವೈರುಧ್ಯವಿದೆ ಹೇಳಿ? ಆ ಹಾಡಿನ ಮೊದಲ ಚರಣದ ಸಾರವೇನು? ಅಸಲಿ ಗ್ಯಾಂಗ್‌ಸ್ಟರ್ ಎದೆ ಉಬ್ಬಿಸಿ ಮೆರೆಯುವುದಿಲ್ಲ, ಅವನಿಗೆ ಅದರ ಅಗತ್ಯವೇ ಇಲ್ಲ ಎಂಬುದು. ಪೀಟರ್ ಮಾಡುವುದೂ ಅದನ್ನೇ. ಮೇಲಧಿಕಾರಿ ಲಂಬರ್ಗ್‌ಗೆ ಅವನು ಒಂದು ಬೈಗುಳವನ್ನೂ ಹೇಳುವುದಿಲ್ಲ, ಪಕ್ಕದಿಂದ ಸುಮ್ಮನೆ ನಡೆದು ಹೋಗುತ್ತಾನೆ. ಹಾಡು ಮತ್ತು ದೃಶ್ಯ ಒಂದೇ ಮಾತನ್ನು ಹೇಳುತ್ತಿವೆ. ಮೊದಲ ಸಲ ನೋಡುವಾಗ ಎರಡೂ ಬೇರೆ ಬೇರೆ ಎಂದು ನಗುತ್ತೇವೆ. ಮತ್ತೆ ನೋಡುವಾಗ ಎರಡೂ ಒಂದೇ ಎಂದು ಗೊತ್ತಾಗಿ ಖುಷಿಪಡುತ್ತೇವೆ. ನಿಮಗೆ ಸವೆದಿಲ್ಲ ಎಂದು ಅನಿಸುವುದು ಇದಕ್ಕೇ.

ಆ ಹಾಡಿನ ಕೊನೆಯ ಚರಣವನ್ನೂ ಒಮ್ಮೆ ಕೇಳಿ. 1992ರ ಹಾಡು ಅದು. ಕೊನೆಗೆ ಮಾತಾಡುವವನು ಬೀದಿಯ ಹುಡುಗನಲ್ಲ, ಅಮೆರಿಕದ ಅಧ್ಯಕ್ಷ. ಮತ ಪಡೆದು ಗದ್ದುಗೆ ಏರಿದವನೇ ದೊಡ್ಡ ಗ್ಯಾಂಗ್‌ಸ್ಟರ್ ಎಂದು ಗೆಟೊ ಬಾಯ್ಸ್ ಮುಗಿಸುತ್ತಾರೆ. ಚಿತ್ರದಲ್ಲಿ ನಗುನಗುತ್ತಾ ಜನರನ್ನು ಮನೆಗೆ ಕಳಿಸಲು ಬರುವ ಇಬ್ಬರು ಸಲಹೆಗಾರರನ್ನು ನೆನೆಸಿಕೊಳ್ಳಿ. ಇಬ್ಬರ ಹೆಸರೂ ಬಾಬ್. ಏನೂ ಕೆಲಸ ಮಾಡುವುದಿಲ್ಲ ಎಂದು ಒಪ್ಪಿಕೊಂಡ ಪೀಟರ್‌ಗೆ ಬಡ್ತಿ ಕೊಡುತ್ತಾರೆ, ದುಡಿಯುವ ಅವನ ಗೆಳೆಯರಾದ ಮೈಕೆಲ್ ಮತ್ತು ಸಮೀರ್‌ರನ್ನು ತೆಗೆದುಹಾಕುತ್ತಾರೆ. ಗ್ಯಾಂಗ್‌ಸ್ಟರ್ ಯಾರು?

ಮೂರನೆಯದು ಮುದ್ರಣಯಂತ್ರದ ಕೊಲೆ. ಹಾಡು 'ಸ್ಟಿಲ್', 1996ರದ್ದು, ಅದೇ ಗೆಟೊ ಬಾಯ್ಸ್. ಬಯಲಿಗೆ ಒಯ್ದು, ಮೂವರೂ ಸುತ್ತ ನಿಂತು, ಬೇಸ್‌ಬಾಲ್ ದಾಂಡಿನಿಂದ ಜಜ್ಜುತ್ತಾರೆ. ಮಾಫಿಯಾ ಚಿತ್ರಗಳಲ್ಲಿ ದ್ರೋಹಿಯನ್ನು ಊರ ಹೊರಗೆ ಮುಗಿಸುವ ಕ್ರಮ ಇದೇ. ಕೊನೆಗೆ ಮೈಕೆಲ್ ಬರಿಗೈಯಿಂದ ಗುದ್ದತೊಡಗುತ್ತಾನೆ, ಗೆಳೆಯರು ಅವನನ್ನು ಎಳೆದುಕೊಂಡು ಹೋಗಬೇಕಾಗುತ್ತದೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ, ನಿಜ, ಆದರೆ ಆ ಕೊತ್ತಿಯೂ ಪಾಪದ್ದಲ್ಲ. 'ಪಿಸಿ ಲೋಡ್ ಲೆಟರ್' ಎಂಬ ಸಂದೇಶಕ್ಕೆ ಮೈಕೆಲ್ ರೇಗುತ್ತಾನಲ್ಲ, ಆ ಸಂದೇಶ ನಿಜವಾದ ಲೇಸರ್ ಮುದ್ರಣಯಂತ್ರಗಳಲ್ಲಿ ಬರುತ್ತಿತ್ತು: ಕಾಗದದ ತಟ್ಟೆಗೆ ಲೆಟರ್ ಅಳತೆಯ ಹಾಳೆ ತುಂಬಿಸು ಎಂದು ಅದರ ಅರ್ಥ. ಅಮೆರಿಕದವರ ಹಾಳೆ ಲೆಟರ್, ನಮ್ಮದು ಎ4. ಅಲ್ಲಿಂದ ಬಂದ ಕಡತವನ್ನು ಬೆಂಗಳೂರಿನಲ್ಲಿ ಮುದ್ರಿಸಹೊರಟರೆ ತಟ್ಟೆಯ ತುಂಬ ಹಾಳೆ ಇದ್ದರೂ ಯಂತ್ರ ಹಾಳೆ ಬೇಕು ಎಂದು ಹಟ ಹಿಡಿಯುತ್ತಿತ್ತು. ಆ ದೃಶ್ಯದಲ್ಲಿ ನಾನು ನಕ್ಕಿದ್ದು ಹಾಡಿಗಲ್ಲ.

ಇನ್ನೊಂದು ಸಂಗತಿ, ಇದನ್ನು ಯಾರೂ ಹೇಳುವುದಿಲ್ಲ. ಪತ್ರಿಕೆ ಚಂದಾ ಮಾರಲು ಮನೆ ಬಾಗಿಲಿಗೆ ಬರುವ ಒಬ್ಬ ಕಪ್ಪು ಯುವಕ ಇದ್ದಾನೆ, ಒರ್ಲಾಂಡೊ ಜೋನ್ಸ್ ಮಾಡಿದ ಪಾತ್ರ. ಮಾದಕವಸ್ತುವಿನ ಚಟದಿಂದ ಹೊರಬಂದವನು ಎಂದು ಹೇಳಿಕೊಂಡು ಮಾರುತ್ತಾನೆ. ಆಮೇಲೆ ನೋಡಿದರೆ ಅವನು ಕೆಲಸ ಕಳೆದುಕೊಂಡ ಸಾಫ್ಟ್‌ವೇರ್ ಎಂಜಿನಿಯರ್. ಬಿಳಿಯರಿಗೆ ತನ್ನಂಥವನಿಂದ ಯಾವ ಕಥೆ ಬೇಕೋ ಅದನ್ನೇ ಮಾರಿದರೆ ಸಂಪಾದನೆ ಹೆಚ್ಚು. ಒಬ್ಬ ಬಿಳಿಯ ಎಂಜಿನಿಯರ್ ಕಾರಿನಲ್ಲಿ ಬೀದಿಯವನ ವೇಷ ಹಾಕುತ್ತಾನೆ, ಒಬ್ಬ ಕಪ್ಪು ಎಂಜಿನಿಯರ್ ಬಾಗಿಲಲ್ಲಿ ಬೀದಿಯವನ ವೇಷ ಹಾಕುತ್ತಾನೆ. ಮೊದಲನೆಯವನಿಗೆ ಅದು ಮನರಂಜನೆ, ಎರಡನೆಯವನಿಗೆ ಹೊಟ್ಟೆಪಾಡು. ಈ ಎರಡು ದೃಶ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ರ‍್ಯಾಪ್ ಅನ್ನು ಸುಮ್ಮನೆ ತಮಾಷೆಗೆ ಹಾಕಿದ್ದಾರೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಹಾಗೆಂದು ಚಿತ್ರಕ್ಕೆ ಪೂರ್ತಿ ಅಂಕ ಕೊಡುವುದೂ ಇಲ್ಲ. ಹಾಡುಗಳು ಕಪ್ಪು ಜನರವು, ಮುಖ್ಯ ಪಾತ್ರಗಳಲ್ಲಿ ಅವರಿಲ್ಲ. ಆ ಮಾರಾಟಗಾರನಿಗೆ ಇನ್ನೊಂದಿಷ್ಟು ಜಾಗ ಕೊಡಬಹುದಿತ್ತು.

ಖಂಡಗತಿ:

ಮೇಡಂ ಸಾಹಿತ್ಯದ ಕಡೆಯಿಂದ ಹೇಳಿದರು, ನಾನು ಲಯದ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ. ಆ ಗೆಟೊ ಬಾಯ್ಸ್ ಹಾಡು ನಿಧಾನ. ಅವಸರವೇ ಇಲ್ಲ. ಬೇಸ್ ಸಾವಕಾಶವಾಗಿ ಹೆಜ್ಜೆ ಹಾಕುತ್ತದೆ, ಹಾಡುವವನು ಊಟ ಮುಗಿಸಿ ಜಗಲಿಯ ಮೇಲೆ ಕೂತವನಂತೆ ಮಾತಾಡುತ್ತಾನೆ. ಹ್ಯೂಸ್ಟನ್‌ನ ರುಚಿಯೇ ಅದು. ಅದೇ ಊರಿನ ಡಿಜೆ ಸ್ಕ್ರೂ ತೊಂಬತ್ತರ ದಶಕದಲ್ಲಿ ಹಾಡುಗಳ ವೇಗವನ್ನೇ ತಗ್ಗಿಸಿ, ದನಿ ಜೋಲುವಂತೆ ಮಾಡಿ ಕ್ಯಾಸೆಟ್ಟುಗಳನ್ನು ಹೊರಡಿಸುತ್ತಿದ್ದ. ನ್ಯೂಯಾರ್ಕಿನ ಬಿರುಸಿನ ರ‍್ಯಾಪ್ ಹಾಕಿದ್ದರೆ ಪೀಟರ್ ದಂಗೆ ಏಳುತ್ತಿದ್ದಾನೆ ಎನಿಸುತ್ತಿತ್ತು. ಈ ನಿಧಾನಗತಿಯಲ್ಲಿ ಅವನು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾನೆ ಎನಿಸುತ್ತದೆ. ಕಚೇರಿಯ ಕಾಲಮಾನದ ವಿರುದ್ಧ ಅದಕ್ಕಿಂತ ದೊಡ್ಡ ದಂಗೆ ಯಾವುದು?

ಹಾಗೆಯೇ, ಚಿತ್ರದಲ್ಲಿ ರ‍್ಯಾಪ್ ಒಂದೇ ಇಲ್ಲ. ಕ್ಯೂಬಾದ ಪೆರೆಜ್ ಪ್ರಾಡೊ ಅವರ ಮ್ಯಾಂಬೊ ವಾದ್ಯವೃಂದವೂ ಇದೆ. ತುತ್ತೂರಿಗಳು ಕಿರುಚುವ, ಎಲ್ಲರೂ ಓಡುತ್ತಿರುವಂತೆ ಕೇಳುವ ಸಂಗೀತ ಅದು. ನಿಮ್ಮ ನಿರ್ದೇಶಕರು ಕೇಳುತ್ತಿರುವ 'ಹಾಸ್ಯ ಸಂಗೀತ'ದ ಕೆಲಸವನ್ನು ಇದು ಮಾಡುತ್ತದೆ. ಗಡಿಬಿಡಿಗೆ ಮ್ಯಾಂಬೊ, ಬಿಡುಗಡೆಗೆ ರ‍್ಯಾಪ್. ನಿಮ್ಮ ಚಿತ್ರದಲ್ಲೂ ಯಂತ್ರ ಗುರುತಿಸದೆ ಗುಮಾಸ್ತರು ಕಂಗಾಲಾಗುವ ಭಾಗಕ್ಕೆ ಪಿಟೀಲಿನ ಮೀಟು ಇರಲಿ ಬಿಡಿ, ನಿರ್ದೇಶಕರಿಗೂ ಸಮಾಧಾನ. ಚಿತ್ರಾನ್ನದ ಹೊತ್ತಿಗೆ ಅದನ್ನು ನಿಲ್ಲಿಸಿ.

ಕೊನೆಯಲ್ಲಿ ಬರುವ, ಕ್ಯಾನಿಬಸ್ ಮತ್ತು ಬಿಜ್ ಮಾರ್ಕಿ ಎಂಬ ರ‍್ಯಾಪ್ ಗಾಯಕರ ಹಾಡನ್ನೂ ಗಮನಿಸಿ. ಅದರ ಮೂಲ 1977ರಲ್ಲಿ ಜಾನಿ ಪೇಚೆಕ್ ಹಾಡಿದ, ಡೇವಿಡ್ ಅಲನ್ ಕೋ ಬರೆದ ಕಂಟ್ರಿ ಹಾಡು. ನಿನ್ನ ಕೆಲಸ ನೀನೇ ಇಟ್ಟುಕೊ ಎಂದು ಕಾರ್ಖಾನೆಯ ಕೆಲಸಗಾರ ಹೇಳುವ ಹಾಡು. ಬಿಳಿಯ ಕಾರ್ಮಿಕರ ಸಿಟ್ಟು ಕಪ್ಪು ಗಾಯಕರ ಬಾಯಿಗೆ ಬಂದು ಸಾಫ್ಟ್‌ವೇರಿನವರ ಚಿತ್ರಕ್ಕೆ ಸೇರಿದೆ.

ಸಂಕಲನದ ಮೇಜು:

ಇಬ್ಬರಿಗೂ ತುಂಬ ಧನ್ಯವಾದ. ಮೇಡಂ, ಕಾರಿನ ದೃಶ್ಯವನ್ನು ನಾನು ಬರೀ ಒಂದು ತಮಾಷೆ ಎಂದುಕೊಂಡು ದಾಟಿದ್ದೆ. ಈಗ ಇನ್ನೊಂದು ಪ್ರಶ್ನೆ. ಆ ಹಾಡನ್ನೇ ನಮ್ಮ ಚಿತ್ರದಲ್ಲಿ ಉಳಿಸಿಕೊಳ್ಳಬಹುದೇ? ಹಣಕ್ಕಾಗಿ ಮಾಡುತ್ತಿರುವ ಚಿತ್ರವಲ್ಲ, ಉತ್ಸವಗಳಿಗೆ ಕಳಿಸಿ ಆಮೇಲೆ ಯೂಟ್ಯೂಬ್‌ಗೆ ಹಾಕುವ ಆಲೋಚನೆ.

ಕರಾರು ಪತ್ರ:

ಬೇಡ. ಹಣ ಮಾಡುವುದಿಲ್ಲ ಎಂಬುದು ಇಲ್ಲಿ ರಕ್ಷಣೆಯಲ್ಲ. ಒಂದು ಹಾಡಿನಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿರುತ್ತವೆ. ಬರೆದ ಸಾಹಿತ್ಯ ಮತ್ತು ಸಂಗೀತದ್ದು ಒಂದು, ಅದು ಸಾಮಾನ್ಯವಾಗಿ ಪ್ರಕಾಶನ ಸಂಸ್ಥೆಯ ಕೈಯಲ್ಲಿ ಇರುತ್ತದೆ. ಧ್ವನಿಮುದ್ರಣದ್ದು ಇನ್ನೊಂದು, ಅದು ಸಾಮಾನ್ಯವಾಗಿ ಧ್ವನಿಮುದ್ರಣ ಸಂಸ್ಥೆಯದು. ಚಿತ್ರಕ್ಕೆ ಜೋಡಿಸಲು ಎರಡೂ ಕಡೆಯ ಅನುಮತಿ ಬೇಕು. ರ‍್ಯಾಪ್ ಹಾಡಾದರೆ ಇನ್ನೂ ತೊಡಕು. ಬರೆದವರು ಹಲವರು, ಹಳೆಯ ಹಾಡಿನ ತುಣುಕು ಬಳಸಿದ್ದರೆ ಅದರ ಒಡೆಯರೂ ಪಾಲುದಾರರು. ಉತ್ಸವದವರು ಅರ್ಜಿಯಲ್ಲೇ ಹಕ್ಕು ತೀರುವಳಿಯ ಬಗ್ಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಯೂಟ್ಯೂಬ್‌ನಲ್ಲಂತೂ ಯಂತ್ರವೇ ಹಾಡನ್ನು ಗುರುತಿಸಿಬಿಡುತ್ತದೆ, ನಿಮ್ಮ ಕಥೆಯ ಹಾಜರಾತಿ ಯಂತ್ರದಷ್ಟು ಕುರುಡಲ್ಲ ಅದು.

ಯಾರಾದರೂ ಕನ್ನಡ ರ‍್ಯಾಪ್ ಹುಡುಗರಿಂದ ಹೊಸದಾಗಿ ಬರೆಸಿ. ಬೆಂಗಳೂರಿನಲ್ಲಿ ಅವರಿಗೆ ಕೊರತೆಯಿಲ್ಲ. ಗೆಳೆತನದಲ್ಲೇ ಮಾಡಿಕೊಟ್ಟರೂ ಕರಾರು ಬರೆದುಕೊಳ್ಳಿ: ಯಾವ ಚಿತ್ರಕ್ಕೆ, ಯಾವ ಮಾಧ್ಯಮಗಳಲ್ಲಿ, ಎಷ್ಟು ಕಾಲಕ್ಕೆ, ಹಾಡನ್ನು ಅವರು ಪ್ರತ್ಯೇಕವಾಗಿ ಬಿಡುಗಡೆ ಮಾಡಬಹುದೇ ಎಂಬುದೆಲ್ಲ. ಮತ್ತು ಅವರು ಬಳಸುವ ತಾಳದ ಪಟ್ಟಿ (ಬೀಟ್) ಅಂತರ್ಜಾಲದಿಂದ ಎತ್ತಿದ್ದೋ ತಾವೇ ಮಾಡಿದ್ದೋ ಕೇಳಿ. ಬಿಟ್ಟಿ ಎಂದು ಸಿಗುವ ಎಷ್ಟೋ ಪಟ್ಟಿಗಳು ಅಭ್ಯಾಸಕ್ಕೆ ಮಾತ್ರ ಬಿಟ್ಟಿ.

ಖಾಲಿ ಕುರ್ಚಿ:

ಕನ್ನಡದಲ್ಲೇ ಬರೆಸುವುದಾದರೆ ನನ್ನ ತಕರಾರು ಅರ್ಧ ಹಿಂದಕ್ಕೆ. ಉಳಿದರ್ಧ ಇದೆ: ಬೈಗುಳ ತುಂಬಿಸಿ ನಗಿಸುವ ಚಾಳಿ ಬೇಡ.

ಕೋಬಾಲ್ ಕಾಲದವಳು:

ಬೈಗುಳವೇ ಬೇಕಿಲ್ಲ. ಆ ಚಿತ್ರದಲ್ಲಿ ಕದ್ದ ಹಣವನ್ನು ಬಿಳಿ ಮಾಡುವುದು ಹೇಗೆ ಎಂದು ತಿಳಿಯಲು ನಮ್ಮ ಮೂವರು ಗ್ಯಾಂಗ್‌ಸ್ಟರುಗಳು ನಿಘಂಟು ತೆರೆದು ನೋಡುತ್ತಾರೆ. ನಿಮ್ಮ ಗುಮಾಸ್ತರ ಬಾಯಲ್ಲಿ ಬರಬೇಕಾದದ್ದು ಆ ಬಗೆಯ ಮಾತು. ಲೆಕ್ಕಪತ್ರದವರಿಗೆ ತಮ್ಮದೇ ಬಡಾಯಿ ಇರುತ್ತದೆ: ವರ್ಷಾಂತ್ಯದ ಲೆಕ್ಕ ಒಂದೇ ಸಲಕ್ಕೆ ತಾಳೆ ಬಿತ್ತು, ಲೆಕ್ಕಪರಿಶೋಧಕರು ಒಂದು ತಪ್ಪನ್ನೂ ಹಿಡಿಯಲಿಲ್ಲ, ನಾನು ಸಹಿ ಹಾಕದೆ ಈ ಕಟ್ಟಡದಲ್ಲಿ ಯಾರ ಪ್ರವಾಸ ಭತ್ಯೆಯೂ ಹೊರಡುವುದಿಲ್ಲ. ಅದನ್ನೇ ರ‍್ಯಾಪ್ ಮಾಡಿಸಿ. ಹ್ಯೂಸ್ಟನ್‌ನವರ ಕೈಯಲ್ಲಿ ಬಂದೂಕಿತ್ತು, ಇವರ ಕೈಯಲ್ಲಿ ರಬ್ಬರ್ ಮೊಹರು ಇದೆ.

ಇನ್ನು ಸಂಕಲನಕಾರರಿಗೆ ಒಂದು ಸೂಚನೆ. ಹಾಡನ್ನು ಚಿತ್ರಾನ್ನದ ದೃಶ್ಯದಲ್ಲಿ ಮೊದಲ ಬಾರಿಗೆ ಕೇಳಿಸಬೇಡಿ. ಅದಕ್ಕೂ ಮುಂಚೆ, ಗುಮಾಸ್ತರು ಬಸ್ಸಿನಲ್ಲಿಯೋ ಲಿಫ್ಟಿನಲ್ಲಿಯೋ ಇರುವ ಒಂದು ತುಣುಕು ನಿಮ್ಮ ಬಳಿ ಇದ್ದೇ ಇರುತ್ತದೆ. ಪಕ್ಕದಲ್ಲಿ ನಿಂತ ಹುಡುಗನ ಮೊಬೈಲಿನಿಂದ ಅದೇ ಹಾಡು ಸಣ್ಣಗೆ, ಕೀರಲಾಗಿ ಕೇಳಲಿ. ಗುಮಾಸ್ತರು ಮುಖ ಸಿಂಡರಿಸಲಿ. ಮುಖ ಸಿಂಡರಿಸಿದ್ದು ಚಿತ್ರೀಕರಣದಲ್ಲಿ ಸಿಕ್ಕಿರದಿದ್ದರೆ ಬೇರೆ ಯಾವುದಕ್ಕಾದರೂ ಸಿಂಡರಿಸಿದ್ದನ್ನು ತಂದು ಜೋಡಿಸಿ, ನಿಮ್ಮ ಕಸುಬೇ ಅದಲ್ಲವೇ. ಆಮೇಲೆ ವ್ಯವಸ್ಥಾಪಕರ ಕೋಣೆಯಲ್ಲಿ ಡಬ್ಬಿಯ ಮುಚ್ಚಳ ತೆರೆದಾಗ ಅದೇ ಹಾಡು ಪೂರ್ತಿ ದನಿಯಲ್ಲಿ ಬರಲಿ. ನಿರ್ದೇಶಕರಿಗೆ ಈ ಜೋಡಣೆಯನ್ನು ವಿವರಿಸಲು ಹೋಗಬೇಡಿ. ಮೊದಲು ತೋರಿಸಿ, ಅವರು ಏನೆಂದರು ಎಂದು ಇಲ್ಲಿ ಬರೆಯಿರಿ.